ತಕಿಟ ತಕ: ಓಡುವಾಗ ಉಸಿರಿಗೆ ತಾಳ ಹಾಕುವುದು ಹೇಗೆ?

ಹೊಸದಾಗಿ ಓಡಲು ಶುರು ಮಾಡಿದವರು ಮೊದಲು ಕೇಳುವ ಪ್ರಶ್ನೆ, "ಉಸಿರು ಮೂಗಲ್ಲಿ ಎಳೆಯಬೇಕಾ, ಬಾಯಲ್ಲಾ?" ಉತ್ತರ ಸುಲಭ. ನಿಧಾನಕ್ಕೆ ಓಡುವಾಗ ಮೂಗು ಸಾಕಾಗಬಹುದು. ವೇಗ ಏರಿದಂತೆ ದೇಹ ತಾನೇ ಬಾಯಿ ತೆರೆಯುತ್ತದೆ, ಅದನ್ನು ತಡೆಯುವ ಅಗತ್ಯ ಇಲ್ಲ. ಇದಕ್ಕಿಂತ ಉಪಯೋಗದ ಪ್ರಶ್ನೆ ಇನ್ನೊಂದಿದೆ, ಕೇಳುವವರು ಕಡಿಮೆ. ಒಂದು ಉಸಿರಿಗೆ ಎಷ್ಟು ಹೆಜ್ಜೆ?

ಈ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಂಡು ಓಡುವುದು ಕಷ್ಟ. ಎರಡು ನಿಮಿಷ ಎಣಿಸುತ್ತೀರಿ, ಅಷ್ಟರಲ್ಲಿ ಒಂದು ಬಸ್ಸು ಹಾರ್ನ್ ಹಾಕುತ್ತದೆ, ಎಣಿಕೆ ತಪ್ಪುತ್ತದೆ. ಹಾಗಾಗಿ ಕಿವಿಗೆ ಒಂದು ಶಬ್ದ ಕೊಟ್ಟು, ಆ ಶಬ್ದಕ್ಕೆ ಕಾಲನ್ನೂ ಉಸಿರನ್ನೂ ಹೊಂದಿಸುವ ವಿಧಾನ ಬಂದಿದೆ. ಮೊಬೈಲಿನ ಮೆಟ್ರೋನೋಮ್ (ಒಂದೇ ಅಳತೆಯಲ್ಲಿ ಪೆಟ್ಟು ಹಾಕುವ ಸಾಧನ), ಓಟದ ವಾಚಿನ ಟಿಕ್ ಟಿಕ್, ಉಸಿರಿನ ಜೊತೆ ಏರಿ ಇಳಿಯುವ ಸ್ವರ, ಹೀಗೆ ರೂಪ ಹಲವು. ಇದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ, ಕಾಸರಗೋಡಿನಂಥ ಏರುತಗ್ಗಿನ, ಸೆಕೆಯ ಊರಲ್ಲಿ ಇದನ್ನು ಹೇಗೆ ಬಳಸಬಹುದು ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಉಸಿರಿನ ಖರ್ಚುವೆಚ್ಚ

ಸುಮ್ಮನೆ ಕೂತಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಒಂದೊಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ. ಜೋರಾಗಿ ಓಡುವಾಗ ಇದು ನಿಮಿಷಕ್ಕೆ 40, 50, ಕೆಲವರಲ್ಲಿ 60ರವರೆಗೂ ಹೋಗುತ್ತದೆ.

ಆದರೆ ಎಳೆದ ಗಾಳಿಯೆಲ್ಲ ಕೆಲಸಕ್ಕೆ ಬರುವುದಿಲ್ಲ. ಮೂಗು, ಗಂಟಲು, ಶ್ವಾಸನಾಳ ಇವುಗಳಲ್ಲೇ ಸುಮಾರು 150 ಮಿಲಿಲೀಟರ್ ಗಾಳಿ ಉಳಿದುಬಿಡುತ್ತದೆ. ಶ್ವಾಸಕೋಶದ ಗಾಳಿಚೀಲಗಳನ್ನು ಮುಟ್ಟದೆ ಅದು ಹಾಗೇ ವಾಪಸು ಬರುತ್ತದೆ. ಅಡಿಕೆ ತೋಟಕ್ಕೆ ನೀರು ಬಿಡುವವರಿಗೆ ಇದು ಬೇಗ ಅರ್ಥವಾದೀತು. ಪಂಪನ್ನು ಎರಡೆರಡು ನಿಮಿಷಕ್ಕೆ ನಿಲ್ಲಿಸಿ, ಪೈಪು ಖಾಲಿಯಾದ ಮೇಲೆ ಮತ್ತೆ ಶುರು ಮಾಡಿದರೆ, ಪ್ರತಿ ಸಲವೂ ಪೈಪು ತುಂಬುವುದಕ್ಕೇ ಒಂದಷ್ಟು ನೀರು ಹೋಗುತ್ತದೆ. ಮರದ ಬುಡಕ್ಕೆ ಸಿಗುವುದು ಉಳಿದದ್ದು.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 40 ಸಲ, ಸಲಕ್ಕೆ ಅರ್ಧ ಲೀಟರ್ ಎಳೆದರೆ ಒಟ್ಟು 20 ಲೀಟರ್. ಅದರಲ್ಲಿ 40 ಸಲ 150 ಮಿಲಿಲೀಟರ್, ಅಂದರೆ 6 ಲೀಟರ್ ವ್ಯರ್ಥ. ಕೈಗೆ ಸಿಕ್ಕಿದ್ದು 14. ಅದೇ 20 ಲೀಟರನ್ನು ನಿಮಿಷಕ್ಕೆ 20 ಸಲ, ಸಲಕ್ಕೆ ಒಂದು ಲೀಟರಿನಂತೆ ಎಳೆದರೆ ವ್ಯರ್ಥ ಬರೀ 3 ಲೀಟರ್. ಸಿಕ್ಕಿದ್ದು 17. ಮೇಲುಮೇಲಿನ ತೇಕು ಉಸಿರು ಯಾಕೆ ಸಾಲುವುದಿಲ್ಲ ಅನ್ನುವುದಕ್ಕೆ ಈ ಲೆಕ್ಕವೇ ಸಾಕು.

ಹಾಗಂತ ಎಷ್ಟು ಆಳವೋ ಅಷ್ಟು ಒಳ್ಳೆಯದು ಅಂತಲೂ ಅಲ್ಲ. ಎದೆಗೂಡನ್ನು ತೀರಾ ಹಿಗ್ಗಿಸುವುದಕ್ಕೆ ಸ್ನಾಯುಗಳು ದುಡಿಯಬೇಕು, ಆ ದುಡಿಮೆಗೂ ಆಮ್ಲಜನಕ ಬೇಕು. ಪೂರ್ತಿ ಶಕ್ತಿ ಹಾಕಿ ಓಡುವಾಗ ದೇಹ ಬಳಸುವ ಆಮ್ಲಜನಕದಲ್ಲಿ ಶೇಕಡಾ 10ರ ಆಸುಪಾಸು ಉಸಿರಾಟದ ಸ್ನಾಯುಗಳಿಗೇ ಹೋಗುತ್ತದೆ. ಆದ್ದರಿಂದ ನಡುವಿನ ಒಂದು ಹದ ಬೇಕು. ತಾಳ ಹಾಕುವುದು ಆ ಹದ ತಪ್ಪದಿರಲಿ ಎಂದು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಉಸಿರಿಗೆ ಇಬ್ಬರು ಯಜಮಾನರು. ಮಿದುಳಿನ ಬುಡದಲ್ಲಿರುವ ಕೇಂದ್ರವು ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ನೋಡಿಕೊಂಡು, ನಮಗೆ ಗೊತ್ತಿಲ್ಲದೆಯೇ ಉಸಿರನ್ನು ನಡೆಸುತ್ತದೆ. ಬೇಕೆಂದಾಗ ನಾವೂ ಹಿಡಿಯಬಹುದು, ಬಿಡಬಹುದು. ಶಬ್ದದ ಮೂಲಕ ನಾವು ಹೇಳುವುದು ಈ ಎರಡನೇ ದಾರಿಯಲ್ಲಿ. ಮೊದಲನೆಯವನು ಒಪ್ಪದಿದ್ದರೆ ನಮ್ಮ ಮಾತು ನಡೆಯುವುದಿಲ್ಲ. ಶಬ್ದ ಏನೇ ಹೇಳಲಿ, ಗಾಳಿ ಸಾಲದಿದ್ದರೆ ಉಸಿರು ತಾಳ ಮುರಿದೇ ಮುರಿಯುತ್ತದೆ. ಮುರಿಯಲೂಬೇಕು.

ನಾಲ್ಕು ಕಾಲಿಗೆ ಒಂದೇ ದಾರಿ, ಎರಡು ಕಾಲಿಗೆ ಹಲವು

ಕುದುರೆ ನಾಗಾಲೋಟದಲ್ಲಿ ಓಡುವಾಗ ಒಂದು ನೆಗೆತಕ್ಕೆ ಒಂದೇ ಉಸಿರು. ಮುಂಗಾಲು ಊರುವಾಗ ಎದೆಗೂಡಿನ ಮೇಲೆ ಭಾರ ಬೀಳುತ್ತದೆ, ಹೊಟ್ಟೆಯೊಳಗಿನ ಅಂಗಗಳು ಹಿಂದೆ ಮುಂದೆ ಸರಿಯುತ್ತವೆ. ಹೀಗಾಗಿ ಓಟದ ಲಯವನ್ನು ಬಿಟ್ಟು ಬೇರೆ ಲಯದಲ್ಲಿ ಉಸಿರಾಡುವುದು ಅದಕ್ಕೆ ಕಷ್ಟ. ಮನುಷ್ಯ ಎರಡು ಕಾಲ ಮೇಲೆ ನಿಂತ ಮೇಲೆ ಎದೆಗೂಡು ಈ ಕಟ್ಟಿನಿಂದ ಬಿಡಿಸಿಕೊಂಡಿತು. 1983ರಲ್ಲಿ ಡೆನ್ನಿಸ್ ಬ್ರ್ಯಾಂಬಲ್ ಮತ್ತು ಡೇವಿಡ್ ಕ್ಯಾರಿಯರ್ ಎಂಬ ಅಮೆರಿಕದ ವಿಜ್ಞಾನಿಗಳು ಇದನ್ನು 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಓಟಗಾರರು 4ಕ್ಕೆ 1, 3ಕ್ಕೆ 1, 2ಕ್ಕೆ 1, 1ಕ್ಕೆ 1, 5ಕ್ಕೆ 2, 3ಕ್ಕೆ 2 ಹೀಗೆ ಹಲವು ಅನುಪಾತಗಳಲ್ಲಿ ಉಸಿರಾಡುತ್ತಾರೆ, ಅದರಲ್ಲೂ 2ಕ್ಕೆ 1 ಜಾಸ್ತಿ ಎಂದು ಅವರು ಕಂಡಿದ್ದರು.

ಈ ಅಂಕಿ ಓದುವಾಗ ಒಂದು ಎಚ್ಚರ ಬೇಕು. ಅವರ ಲೆಕ್ಕದಲ್ಲಿ ಒಂದು ಅಂದರೆ ಎಡ ಬಲ ಎರಡೂ ಕಾಲು ಸೇರಿದ ಒಂದು ಜೋಡಿ. ಹಾಗಾಗಿ 2ಕ್ಕೆ 1 ಅಂದರೆ ಒಂದು ಉಸಿರಿಗೆ ನಾಲ್ಕು ಹೆಜ್ಜೆ: ಎರಡು ಹೆಜ್ಜೆ ಎಳೆಯುವುದು, ಎರಡು ಹೆಜ್ಜೆ ಬಿಡುವುದು. 5ಕ್ಕೆ 2 ಅಂದರೆ ಎರಡು ಉಸಿರಿಗೆ ಹತ್ತು ಹೆಜ್ಜೆ, ಅಂದರೆ ಒಂದಕ್ಕೆ ಐದು. 3ಕ್ಕೆ 2 ಅಂದರೆ ಒಂದು ಉಸಿರಿಗೆ ಮೂರು ಹೆಜ್ಜೆ. ಇಂದಿನ ಕೋಚುಗಳು ಹೇಳಿಕೊಡುವ "ಮೂರು ಎಳಿ, ಎರಡು ಬಿಡು" ಅನ್ನುವ ಪಾಠ ಈ 3ಕ್ಕೆ 2 ಅಲ್ಲ, ಅದು ಮೇಲಿನ 5ಕ್ಕೆ 2ರ, ಅಂದರೆ ಉಸಿರಿಗೆ ಐದು ಹೆಜ್ಜೆಯ ಲೆಕ್ಕ.

ನಿಮ್ಮ ಕಾಲು ನಿಮಿಷಕ್ಕೆ 160 ಹೆಜ್ಜೆ ಹಾಕುತ್ತದೆ ಅಂದುಕೊಳ್ಳಿ. ಆರಾಮದ ಓಟಕ್ಕೆ ಇದು ಸಾಮಾನ್ಯ ಅಂಕಿ. ಮೂರು-ಎರಡು ಮಾಡಿದರೆ ನಿಮಿಷಕ್ಕೆ 32 ಉಸಿರು. ಎರಡು-ಎರಡಕ್ಕೆ 40. ಮೂರು-ಮೂರಕ್ಕೆ ಸುಮಾರು 27. ನಾಲ್ಕು-ಮೂರಕ್ಕೆ 23. ಎರಡು-ಒಂದಕ್ಕೆ 53. ಓಟದ ವೇಗವನ್ನು ಗೇರಿನ ಹಾಗೆ ಹಂತ ಹಂತವಾಗಿ ಏರಿಸಲು ಬೇಕಾದ ಎಲ್ಲ ಲೆಕ್ಕವೂ ಇಲ್ಲೇ ಇದೆ. ಮಾತಾಡಿಕೊಂಡು ಓಡುವಾಗ ಏಳು ಅಥವಾ ಆರು ಹೆಜ್ಜೆ, ಸ್ವಲ್ಪ ಚುರುಕಾದರೆ ಐದು, ಗಟ್ಟಿ ಓಟಕ್ಕೆ ನಾಲ್ಕು, ಕೊನೆಯ ದಮ್ಮು ಕಟ್ಟಿದ ಓಟಕ್ಕೆ ಮೂರು.

ಈ ಅಂಕಿಗಳನ್ನು ಓದುವಾಗ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ತೆಂಕುತಿಟ್ಟು ಯಕ್ಷಗಾನದ ಪಿತಾಮಹ ಎನಿಸಿದ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದವರಿಗೆ ನಾಲ್ಕರ ಲೆಕ್ಕ ಬಿಟ್ಟ ತಾಳ ಹೊಸದೇನಲ್ಲ. ರೂಪಕಕ್ಕೆ ಆರು ಅಕ್ಷರ, ತ್ರಿವುಡೆಗೆ ಏಳು, ಝಂಪೆಗೆ ಹತ್ತು. ಹೆಜ್ಜೆಗೆ ಒಂದು ಅಕ್ಷರದಂತೆ ಹಿಡಿದರೆ ಆರು ಅಂದರೆ ಮೂರು-ಮೂರರ ಒಂದು ಉಸಿರು, ಏಳು ಅಂದರೆ ನಾಲ್ಕು-ಮೂರರದ್ದು, ಹತ್ತು ಅಂದರೆ ಐದೈದರ ಎರಡು ಉಸಿರು. ತಾಳದೊಳಗೆ ಪೆಟ್ಟು ಎಲ್ಲಿ ಬೀಳುತ್ತದೆ ಅನ್ನುವುದು ಬೇರೆ ವಿಷಯ, ಅದರ ಗೊಡವೆ ಓಟಗಾರನಿಗೆ ಬೇಡ. ನಾಲ್ಕರ ಹಾಡಿಗಷ್ಟೇ ಒಗ್ಗಿದ ಕಿವಿಗೆ ಐದು ಎಣಿಸುವುದು ತೊಡಕು. ಇಡೀ ರಾತ್ರಿ ಆಟ ನೋಡಿ ಬೆಳೆದ ಕಿವಿಗೆ ಅದು ಅಷ್ಟು ಪರದೇಶಿಯಲ್ಲ.

ಬಾಯಲ್ಲಿ ಹೇಳುವುದಾದರೆ "ತಕಿಟ ತಕ". ತಕಿಟದ ಮೂರಕ್ಕೆ ಎಳೆಯುವುದು, ತಕದ ಎರಡಕ್ಕೆ ಬಿಡುವುದು. ಒಂದು ಎರಡು ಮೂರು ಎಂದು ಎಣಿಸುವುದಕ್ಕಿಂತ ಇದು ಎಷ್ಟೋ ಸಲೀಸು. ಅಂಕಿ ಎಣಿಸುವಾಗ ತಲೆ ಕೆಲಸ ಮಾಡುತ್ತದೆ, ಬಾಯಿತಾಳದಲ್ಲಿ ಗುಂಪು ತಾನಾಗಿ ಕೂರುತ್ತದೆ.

ಕಿವಿಯೇ ಯಾಕೆ?

ಕಣ್ಣಿಗೆ ಒಂದು ದೀಪ ಮಿನುಗಿಸಿ "ಈಗ ಎಳಿ, ಈಗ ಬಿಡು" ಎಂದು ತೋರಿಸಬಹುದಲ್ವಾ? ಆಸ್ಪತ್ರೆಯಲ್ಲಿ, ಯೋಗದ ಕೋಣೆಯಲ್ಲಿ ಅದು ನಡೆಯುತ್ತದೆ. ರಸ್ತೆಯಲ್ಲಿ ಓಡುವವನ ಕಣ್ಣಿಗೆ ಬೇರೆ ಕೆಲಸ ಇದೆ. ಅಲ್ಲದೆ ಲಯದ ವಿಷಯದಲ್ಲಿ ಕಿವಿ ಕಣ್ಣಿಗಿಂತ ಚುರುಕು. ಶಬ್ದ ಕೇಳಿ ಬೆರಳು ಒತ್ತುವುದಕ್ಕೆ ತಗಲುವ ಸಮಯ, ಬೆಳಕು ನೋಡಿ ಒತ್ತುವುದಕ್ಕಿಂತ ಕಡಿಮೆ.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಒಂದೇ ಸಮನೆ ಬರುವ ಟಿಕ್ ಟಿಕ್‌ಗೆ ಬೆರಳು ಬಡಿಯಲು ಹೇಳಿದರೆ, ಜನ ಶಬ್ದ ಬರುವ ಮೊದಲೇ, ಸೆಕೆಂಡಿನ ನೂರರಲ್ಲಿ ಕೆಲವು ಭಾಗದಷ್ಟು ಮುಂಚೆ ಬಡಿಯುತ್ತಾರೆ. ಅಂದರೆ ಮಿದುಳು ಶಬ್ದ ಕೇಳಿ ಆಮೇಲೆ ಹೊರಡುವುದಿಲ್ಲ. ಮುಂದಿನ ಪೆಟ್ಟು ಯಾವಾಗ ಎಂದು ಮೊದಲೇ ಊಹಿಸಿ ಸಿದ್ಧವಾಗಿರುತ್ತದೆ. ಪಾರ್ಕಿನ್ಸನ್ ಕಾಯಿಲೆ ಇರುವವರ ನಡಿಗೆಯನ್ನು ತಾಳದ ಶಬ್ದದಿಂದ ಸುಧಾರಿಸುವ ಚಿಕಿತ್ಸೆ ನಿಂತಿರುವುದೂ ಇದರ ಮೇಲೆಯೇ.

ಉಸಿರಿನ ಮಟ್ಟಿಗೆ ಹೇಳುವುದಾದರೆ, ಫ್ರಾನ್ಸಿನ ಮೊಂಪೆಲಿಯೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗ ನೇರವಾಗಿ ಸಂಬಂಧಪಟ್ಟದ್ದು. ಸೈಕಲ್ ತುಳಿಯುವವರಿಗೆ ತಾಳದ ಶಬ್ದ ಕೇಳಿಸಿದಾಗ ಕಾಲಿನ ಲಯಕ್ಕೂ ಉಸಿರಿನ ಲಯಕ್ಕೂ ಇರುವ ಹೊಂದಾಣಿಕೆ ಗಟ್ಟಿಯಾಯಿತು, ಆಮ್ಲಜನಕದ ಖರ್ಚು ಇಳಿಯಿತು. ಮರುವರ್ಷ ನೆದರ್ಲ್ಯಾಂಡ್ಸಿನಲ್ಲಿ ಟ್ರೆಡ್‌ಮಿಲ್ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ, ಹೆಜ್ಜೆಗೆ ಹೊಂದುವ ಹಾಡು ಅಥವಾ ಬರೀ ಮೆಟ್ರೋನೋಮ್ ಕೇಳುತ್ತಾ ಓಡಿದವರು ಶಬ್ದವೇ ಇಲ್ಲದೆ ಓಡಿದ್ದಕ್ಕಿಂತ ಜಾಸ್ತಿ ಹೊತ್ತು ಓಡಿದರು. ಎರಡೂ ಒಳಾಂಗಣದ ಪ್ರಯೋಗ. ಒಂದರಲ್ಲಿ ಓಟವೇ ಇಲ್ಲ, ಸೈಕಲ್. ಹಾಗಾಗಿ ಚೆರ್ಕಳದ ಏರಿನಲ್ಲಿ ನಿಮಗೂ ಇಷ್ಟೇ ಲಾಭ ಎಂದು ಯಾರಾದರೂ ಆ್ಯಪ್ ಮಾರಲು ಬಂದರೆ ಸ್ವಲ್ಪ ನಿಧಾನಿಸಿ. ದಿಕ್ಕು ಸರಿ, ಅಳತೆ ಎಲ್ಲರಿಗೂ ಒಂದೇ ಅಲ್ಲ.

ಎಂಥ ಶಬ್ದ ಬೇಕು?

ಇಲ್ಲಿಂದ ಮುಂದೆ ನನ್ನ ಅಭಿಪ್ರಾಯವೂ ಸೇರಿದೆ, ತೂಗಿ ನೋಡಿ.

ಶಬ್ದವನ್ನು ಎರಡು ಬಗೆಯಲ್ಲಿ ಕೊಡಬಹುದು. ಒಂದು, ಬಿಡಿ ಬಿಡಿ ಪೆಟ್ಟು. ಹೆಜ್ಜೆಗೊಂದು ಟಿಕ್, ಉಸಿರು ಎಳೆಯಲು ಶುರು ಮಾಡುವ ಹೆಜ್ಜೆಗೆ ಎತ್ತರದ ಸ್ವರ, ಬಿಡಲು ಶುರು ಮಾಡುವ ಹೆಜ್ಜೆಗೆ ತಗ್ಗಿನ ಸ್ವರ. ಇನ್ನೊಂದು, ಎಳೆಯುವಾಗ ಮೆಲ್ಲನೆ ಏರಿ ಬಿಡುವಾಗ ಮೆಲ್ಲನೆ ಇಳಿಯುವ ಒಂದೇ ಎಳೆಯ ಸ್ವರ. ಏರಿಳಿಯುವ ಸ್ವರ ಇನ್ನೆಷ್ಟು ಉಸಿರು ಬಾಕಿ ಇದೆ ಎಂದು ಹೇಳುತ್ತದೆ, ಪೆಟ್ಟು ಯಾವಾಗ ತಿರುಗಬೇಕು ಎಂದು ಹೇಳುತ್ತದೆ. ಓಟ ಮುಗಿಸಿ ನಡೆಯುವಾಗ, ಮಲಗಿ ಅಭ್ಯಾಸ ಮಾಡುವಾಗ ಏರಿಳಿಯುವ ಸ್ವರ ಚೆನ್ನ. ಓಡುವಾಗ ಪೆಟ್ಟೇ ಸರಿ, ಯಾಕೆಂದರೆ ಕಾಲು ನೆಲಕ್ಕೆ ಬೀಳುವುದೂ ಪೆಟ್ಟಾಗಿಯೇ.

ಎರಡು ಸ್ವರದಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಬಿಡುವ ಪೆಟ್ಟನ್ನು ಇಟ್ಟುಕೊಳ್ಳುತ್ತೇನೆ. ಏದುಸಿರು ಬಿಡುವವರನ್ನು ಗಮನಿಸಿ. ಒಳಗಿನ ಗಾಳಿ ಸರಿಯಾಗಿ ಹೊರಗೆ ಹೋಗುವ ಮೊದಲೇ ಮತ್ತೆ ಎಳೆಯುತ್ತಾರೆ. ಚೆನ್ನಾಗಿ ಬಿಟ್ಟರೆ ಎಳೆಯುವುದಕ್ಕೆ ಜಾಗ ತಾನೇ ಆಗುತ್ತದೆ.

ಇದಕ್ಕೆ ದುಡ್ಡು ಕೊಟ್ಟು ಆ್ಯಪ್ ಕೊಳ್ಳಬೇಕಿಲ್ಲ. ಪುಕ್ಕಟೆ ಸಿಗುವ ಯಾವ ಮೆಟ್ರೋನೋಮ್ ಆದರೂ ಸಾಕು, ಐದಕ್ಕೊಂದು ಪೆಟ್ಟನ್ನು ಜೋರು ಮಾಡುವ ಸೌಲಭ್ಯ ಇರಬೇಕು ಅಷ್ಟೆ. ಅದಕ್ಕಿಂತ ನನಗೆ ಹಿಡಿಸುವ ಉಪಾಯ ಬೇರೆ. ಮೆಟ್ರೋನೋಮನ್ನು ನಿಮ್ಮ ಹೆಜ್ಜೆಯ ಅಂಕಿಗೆ ಹಚ್ಚಿ, ಅದರ ಜೊತೆ "ತಕಿಟ ತಕ" ಎಂದು ಹೇಳುತ್ತಾ ಐದು ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆಯಲ್ಲಿ ಚೆಂಡೆ ಮದ್ದಳೆ ಕಲಿಯುವ ಮಕ್ಕಳಿದ್ದರೆ ಅವರಿಂದ ಮಾಡಿಸಿದರೆ ಇನ್ನೂ ಒಳ್ಳೆಯದು, ದೊಡ್ಡವರಿಗಿಂತ ಅವರ ಲಯ ಗಟ್ಟಿ. ಯಂತ್ರದ ಟಿಕ್ ಟಿಕ್ ಹತ್ತು ನಿಮಿಷಕ್ಕೆ ತಲೆ ತಿನ್ನಲು ಶುರು ಮಾಡುತ್ತದೆ. ಮನುಷ್ಯರ ದನಿ ಅಷ್ಟು ಬೇಗ ಬೇಸರ ಬರಿಸುವುದಿಲ್ಲ.

ನಿಮ್ಮ ಹೆಜ್ಜೆಯ ಅಂಕಿ ಗೊತ್ತಿಲ್ಲವೆ? ಆರಾಮಾಗಿ ಓಡುತ್ತಾ ಬಲಗಾಲು ನೆಲಕ್ಕೆ ಬೀಳುವುದನ್ನು 30 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. 40 ಬಂದರೆ 160. ಮೆಟ್ರೋನೋಮ್ ಆ ಅಂಕಿಯಲ್ಲೇ ಇರಲಿ. ಎಲ್ಲರೂ 180 ಹೆಜ್ಜೆ ಹಾಕಬೇಕು ಎಂಬ ಮಾತು ಓಟಗಾರರ ನಡುವೆ ಓಡಾಡುತ್ತಿದೆ. ಅದನ್ನು ನಂಬಿ ಕಾಲಿನ ಲಯವನ್ನೂ ಉಸಿರಿನ ಲಯವನ್ನೂ ಒಟ್ಟಿಗೆ ಬದಲಿಸಲು ಹೋದರೆ ಎರಡೂ ಕೆಡುತ್ತದೆ. ಎತ್ತರ, ಕಾಲಿನ ಉದ್ದ, ವೇಗ ಇವನ್ನೆಲ್ಲ ನೋಡಿ ಹೆಜ್ಜೆಯ ಅಂಕಿ ಬೇರೆ ಬೇರೆ.

ಬ್ಲೂಟೂತ್ ಇಯರ್‌ಫೋನ್ ಬಳಸುವವರಿಗೆ ಒಂದು ಸೂಕ್ಷ್ಮ. ಮೊಬೈಲಿನಿಂದ ಹೊರಟ ಶಬ್ದ ಕಿವಿಗೆ ತಲುಪುವಾಗ ಸೆಕೆಂಡಿನ ಹತ್ತರಲ್ಲಿ ಒಂದೋ ಎರಡೋ ಭಾಗ ತಡವಾಗುವುದುಂಟು. 160 ಹೆಜ್ಜೆಯ ಓಟದಲ್ಲಿ ಎರಡು ಹೆಜ್ಜೆಯ ನಡುವೆ ಇರುವುದೇ 0.375 ಸೆಕೆಂಡು. ಸಮನೆ ಬರುವ ಮೆಟ್ರೋನೋಮಿಗೆ ಈ ತಡ ಏನೂ ಮಾಡುವುದಿಲ್ಲ. ಎಲ್ಲ ಪೆಟ್ಟೂ ಒಂದೇ ಅಳತೆಯಲ್ಲಿ ತಡ, ಮಿದುಳು ಅದಕ್ಕೇ ಹೊಂದಿಕೊಳ್ಳುತ್ತದೆ. ಆದರೆ ನಿಮ್ಮ ಹೆಜ್ಜೆಯನ್ನು ಅಳೆದು ಅದಕ್ಕೆ ಉತ್ತರವಾಗಿ ಶಬ್ದ ಮಾಡುವ ಆ್ಯಪ್ ಇದ್ದರೆ ಕಥೆ ಬೇರೆ. ಕಾಲು ಬಿದ್ದು ಅರ್ಧ ಹೆಜ್ಜೆ ಆದ ಮೇಲೆ ಶಬ್ದ ಬಂದರೆ ನೀವು ಕಾಯಲು ಶುರು ಮಾಡುತ್ತೀರಿ. ನೀವು ಕಾದಷ್ಟೂ ಅದು ಇನ್ನೂ ನಿಧಾನ. ಅಂಥದ್ದಕ್ಕೆ ತಂತಿಯ ಇಯರ್‌ಫೋನೇ ವಾಸಿ.

ಹಾಡು ಹಾಕಿಕೊಂಡು ಓಡಬಹುದಾ?

ಓಡಬಹುದು. 1998ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಇಥಿಯೋಪಿಯದ ಹೈಲೆ ಗೆಬ್ರಸೆಲಾಸಿ ಒಳಾಂಗಣದ 2000 ಮೀಟರ್ ವಿಶ್ವದಾಖಲೆ ಮುರಿದಾಗ, ಅವರ ಹೆಜ್ಜೆಗೆ ಹೊಂದುವ ಹಾಡು ಕ್ರೀಡಾಂಗಣದಲ್ಲಿ ಮೊಳಗುತ್ತಿತ್ತು. ಆದರೆ ಅದು ಕಾಲಿನ ಲಯಕ್ಕೆ. ಉಸಿರಿನ ಲಯಕ್ಕೆ ಹಾಡು ಹಾಕುವಾಗ ಒಂದು ತೊಡಕು ಬರುತ್ತದೆ. ಸಿನಿಮಾ ಹಾಡುಗಳಲ್ಲಿ ಬಹುಪಾಲು ನಾಲ್ಕರ ನಡೆಯವು. ಎರಡು-ಎರಡು, ನಾಲ್ಕು-ನಾಲ್ಕು ಉಸಿರಾಡುವವರಿಗೆ ಅದು ಚೆನ್ನಾಗಿ ಕೂರುತ್ತದೆ. ಮೂರು-ಎರಡರವರಿಗೆ ಹಾಡಿನ ಗಟ್ಟಿ ಪೆಟ್ಟು ಮತ್ತು ಉಸಿರಿನ ತಿರುವು ಸೇರುವುದು 20 ಹೆಜ್ಜೆಗೊಮ್ಮೆ. ನಡುವೆ ಹಾಡು ಒಂದು ಕಡೆ ಎಳೆಯುತ್ತದೆ, ನೀವು ಇನ್ನೊಂದು ಕಡೆ.

ಚೆಂಡೆ ಹಾಕಿಕೊಂಡು ಓಡುವವರನ್ನೂ ಕಂಡಿದ್ದೇನೆ. ತೆಯ್ಯಂನ ಚೆಂಡೆಯಾಗಲಿ, ಯಕ್ಷಗಾನದ ಯುದ್ಧದ ಪದವಾಗಲಿ ಒಂದೇ ವೇಗದಲ್ಲಿ ನಿಲ್ಲುವಂಥದ್ದಲ್ಲ. ಕಾಲ ಏರುತ್ತಾ ಏರುತ್ತಾ ಹೋಗುವುದೇ ಅದರ ಸೊಗಸು. ಅದರ ಹಿಂದೆ ಓಡಿದರೆ ನಾಲ್ಕನೇ ನಿಮಿಷಕ್ಕೆ ಬೇಡದ ವೇಗಕ್ಕೆ ಮುಟ್ಟಿರುತ್ತೀರಿ. ಕೊನೆಯ ಅರ್ಧ ಕಿಲೋಮೀಟರಿಗೆ ಹುಮ್ಮಸ್ಸು ಬೇಕಾದರೆ ಹಾಕಿಕೊಳ್ಳಿ. ಉಸಿರಿನ ಹದ ಕಲಿಯಲು ಅದು ಬೇಡ.

ಏರು, ಸೆಕೆ, ಮರಳು

ಲ್ಯಾಬಿನಲ್ಲಿ ನೆಲ ಚಪ್ಪಟೆ, ಗಾಳಿ ತಂಪು. ನಮ್ಮಲ್ಲಿ ಎರಡೂ ಇಲ್ಲ.

ಸಮುದ್ರದ ಬದಿಯಿಂದ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಹೋದಂತೆ ರಸ್ತೆ ಮುರಕಲ್ಲಿನ ಗುಡ್ಡ ಹತ್ತುತ್ತದೆ, ಹೊಳೆಗೆ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಏರಿನಲ್ಲಿ ಒಂದು ವಿಚಿತ್ರ ಗಮನಿಸಬಹುದು. ಹೆಜ್ಜೆ ಗಿಡ್ಡವಾಗುತ್ತದೆ, ಆದರೆ ನಿಮಿಷದ ಹೆಜ್ಜೆಯ ಅಂಕಿ ಅಷ್ಟೇನೂ ಬದಲಾಗುವುದಿಲ್ಲ. ಶ್ರಮ ಮಾತ್ರ ಒಮ್ಮೆಗೇ ಏರುತ್ತದೆ. ಹಾಗಾಗಿ ಹೆಜ್ಜೆಯ ಟಿಕ್ ಟಿಕ್ ಹಾಗೇ ಇರಲಿ, ಉಸಿರಿನ ಗುಂಪನ್ನು ಬದಲಿಸಿ. ಐದರಿಂದ ನಾಲ್ಕಕ್ಕೆ, ಬೇಕಾದರೆ ಮೂರಕ್ಕೆ. ಐದಕ್ಕೊಂದು ಗಟ್ಟಿ ಪೆಟ್ಟು ಇರುವ ಶಬ್ದ ಏರಿನಲ್ಲಿ ಉಪದ್ರ ಕೊಡುವುದು ಇದಕ್ಕೇ. ಗುಡ್ಡದ ದಾರಿಯಲ್ಲಿ ಓಡುವವರು ಎಲ್ಲ ಪೆಟ್ಟೂ ಒಂದೇ ತೆರನಾದ ಮೆಟ್ರೋನೋಮ್ ಇಟ್ಟುಕೊಂಡು, ಗುಂಪು ಮಾಡುವ ಕೆಲಸವನ್ನು ಬಾಯಿತಾಳಕ್ಕೆ ಬಿಡುವುದು ಲೇಸು. ತಕಿಟ ತಕದಿಂದ ತಕ ತಕಕ್ಕೆ ಇಳಿಯಲು ಯಾವ ಬಟನ್ನೂ ಒತ್ತಬೇಕಿಲ್ಲವಲ್ಲ.

ಸೆಕೆಯದ್ದು ಇನ್ನೊಂದು ಬಗೆ. ಮಾರ್ಚ್ ಕಳೆದ ಮೇಲೆ ಕರಾವಳಿಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಹೃದಯ ಜಾಸ್ತಿ ಬಡಿಯುತ್ತದೆ, ಉಸಿರೂ ಜಾಸ್ತಿಯಾಗುತ್ತದೆ. ಡಿಸೆಂಬರಿನಲ್ಲಿ ಮೂರು-ಮೂರಕ್ಕೆ ಸಲೀಸಾಗಿ ಓಡಿದ ವೇಗಕ್ಕೆ ಏಪ್ರಿಲಿನಲ್ಲಿ ಎರಡು-ಎರಡು ಬೇಕಾಗಬಹುದು. ಇದನ್ನು ಸೋಲು ಅಂದುಕೊಂಡು ಹಳೇ ರೆಕಾರ್ಡಿಂಗನ್ನೇ ಹಾಕಿ ಉಸಿರು ಬಿಗಿ ಹಿಡಿಯುವವರಿದ್ದಾರೆ. ಅಲ್ಲಿ ಬದಲಿಸಬೇಕಾದ್ದು ಓಟದ ವೇಗ. ಅದನ್ನು ಇಳಿಸಿ, ಉಸಿರು ಹಳೇ ತಾಳಕ್ಕೆ ತಾನೇ ಬಂದರೆ ಸರಿ.

ಮರಳಿನಲ್ಲಿ ಬೇರೆ ಕಷ್ಟ. ಬೇಕಲದ ಕಡಲ ಬದಿಯಲ್ಲೋ ಮಂಜೇಶ್ವರದ ಕಣ್ವತೀರ್ಥದಲ್ಲೋ ಓಡುವಾಗ ಹೆಜ್ಜೆಯ ಸದ್ದೇ ಕೇಳಿಸುವುದಿಲ್ಲ, ಅಲೆಯ ಸದ್ದು ಅದನ್ನು ನುಂಗುತ್ತದೆ. ಡಾಮರಿನ ಮೇಲೆ ಕಾಲು ತಾನೇ ತಾಳ ಹಾಕುತ್ತಿತ್ತು ಅನ್ನುವುದು ಆಗ ಗೊತ್ತಾಗುತ್ತದೆ. ಅಲೆಯ ಲಯವನ್ನೇ ಉಸಿರಿಗೆ ಹಿಡಿಯುತ್ತೇನೆ ಎಂದು ಹೊರಡಬೇಡಿ. ಅದು ತೀರಾ ನಿಧಾನ, ಒಂದು ಅಲೆಯ ಹಾಗೆ ಇನ್ನೊಂದಿಲ್ಲ. ಮರಳಿನಲ್ಲಿ ಇಯರ್‌ಫೋನಿನ ಟಿಕ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ರಸ್ತೆಯಲ್ಲಿ ಹಾಗಲ್ಲ. ಹೆದ್ದಾರಿಯ ಸರ್ವಿಸ್ ರೋಡಿನಲ್ಲಿ, ತಿರುವು ತಿರುವಿನ ಒಳರಸ್ತೆಯಲ್ಲಿ ಎರಡೂ ಕಿವಿ ಮುಚ್ಚಿ ಓಡುವುದು ಅಪಾಯ. ಹಿಂದಿನಿಂದ ಬರುವ ಬಸ್ಸೂ ಕೇಳಬೇಕು, ಗೇಟಿನ ಹಿಂದೆ ಗುರ್ ಅನ್ನುವ ನಾಯಿಯೂ ಕೇಳಬೇಕು. ಒಂದೇ ಕಿವಿಗೆ ಹಾಕಿಕೊಳ್ಳಿ, ಇಲ್ಲವೇ ಕಿವಿಯ ತೂತು ಮುಚ್ಚದೆ ಕಿವಿಯ ಮುಂದಿನ ಮೂಳೆಯ ಮೇಲೆ ಕೂರುವ ಹೆಡ್‌ಫೋನ್ ತೆಗೆದುಕೊಳ್ಳಿ. ಶಬ್ದ ಸಣ್ಣದಾಗಿರಲಿ. ಜೋರು ಶಬ್ದದಲ್ಲಿ ನಿಮ್ಮ ಉಸಿರಿನ ಸದ್ದು ನಿಮಗೇ ಕೇಳುವುದಿಲ್ಲ. ಉಸಿರು ಕೆಡುತ್ತಿದೆ ಎಂದು ಮೊದಲು ತಿಳಿಸುವುದು ಆ ಸದ್ದೇ.

ಪಕ್ಕೆ ಹಿಡಿಯುವುದಕ್ಕೂ ಇದಕ್ಕೂ ಸಂಬಂಧ?

ಮೂರು-ಎರಡರ ಪರವಾಗಿ ಒಂದು ವಾದ ಇದೆ. ಸಮಸಂಖ್ಯೆಯ ತಾಳದಲ್ಲಿ ಉಸಿರು ಬಿಡಲು ಶುರು ಮಾಡುವುದು ಯಾವಾಗಲೂ ಒಂದೇ ಕಾಲಿನ ಮೇಲೆ. ಐದರ ತಾಳದಲ್ಲಿ ಒಮ್ಮೆ ಎಡ, ಒಮ್ಮೆ ಬಲ. ಎಡಗಾಲಿನಿಂದ ಎಣಿಸಲು ಶುರು ಮಾಡಿದರೆ ನಾಲ್ಕನೆಯ ಹೆಜ್ಜೆ ಬಲಗಾಲು, ಮುಂದಿನ ಸುತ್ತಿನ ಒಂಬತ್ತನೆಯದು ಎಡಗಾಲು. ಉಸಿರು ಬಿಡಲು ಶುರು ಮಾಡಿದಾಗ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಸಡಿಲವಾಗಿರುತ್ತದೆ, ಆಗ ಬೀಳುವ ಪೆಟ್ಟು ಒಂದೇ ಬದಿಗೆ ಬೀಳಬಾರದು, ಇದರಿಂದ ಪಕ್ಕೆ ನೋವೂ ಗಾಯವೂ ಕಡಿಮೆ ಎನ್ನುತ್ತಾರೆ.

ಹೆಜ್ಜೆಯ ಲೆಕ್ಕ ಸರಿ. ಉಳಿದ ಮಾತು ಇನ್ನೂ ಸಾಬೀತಾಗಿಲ್ಲ. ಪಕ್ಕೆ ಹಿಡಿಯುವುದು ಓಟಗಾರರಿಗೆ ಮಾತ್ರ ಬರುವ ಕಾಟವಲ್ಲ. ಈಜುವವರಿಗೂ ಬರುತ್ತದೆ, ಕುದುರೆ ಸವಾರರಿಗೂ ಬರುತ್ತದೆ. ನೀರಿನಲ್ಲಿ ಕಾಲು ನೆಲಕ್ಕೆ ಬಡಿಯುವ ಮಾತೇ ಇಲ್ಲವಲ್ಲ. ಹೊಟ್ಟೆಯ ಒಳಪೊರೆಯ ಕೆರಳಿಕೆ ಇದಕ್ಕೆ ಕಾರಣ ಇರಬಹುದು ಎಂದು ಈಗ ಸಂಶೋಧಕರು ಹೇಳುತ್ತಾರೆ. ಓಡುವ ಮೊದಲು ಹೊಟ್ಟೆ ತುಂಬ ತಿಂದರೆ, ಸಿಹಿ ಪಾನೀಯ ಜಾಸ್ತಿ ಕುಡಿದರೆ ಅದು ಹೆಚ್ಚುತ್ತದೆ. ಹಾಗಾಗಿ ಇಡ್ಲಿ ತಿಂದು ಓಡಲು ಹೊರಟವರ ಪಕ್ಕೆಯನ್ನು ಯಾವ ತಾಳವೂ ಕಾಯಲಾರದು. ಮೂರು-ಎರಡನ್ನು ನಾನು ಮೆಚ್ಚುವುದು ಬೇರೆ ಕಾರಣಕ್ಕೆ. ಆರಾಮದ ಓಟಕ್ಕೂ ಗಟ್ಟಿ ಓಟಕ್ಕೂ ನಡುವಿನ ಹಂತ ಅದು, ಅದಿಲ್ಲದಿದ್ದರೆ ಆರರಿಂದ ನಾಲ್ಕಕ್ಕೆ ಒಮ್ಮೆಗೇ ಜಿಗಿಯಬೇಕು.

ಕಲಿಯುವುದು, ಆಮೇಲೆ ಬಿಡುವುದು

ಮೊದಲ ಪಾಠ ಚಾಪೆಯ ಮೇಲೆ. ಅಂಗಾತ ಮಲಗಿ, ಹೊಟ್ಟೆಯ ಮೇಲೆ ಕೈ ಇಟ್ಟು, ಶಬ್ದ ಹಾಕಿ. ಎಳೆದಾಗ ಕೈ ಮೇಲೆ ಬರಬೇಕು. ಮೆಟ್ರೋನೋಮ್ ಇಲ್ಲಿ ನಿಧಾನ ಇರಲಿ, ನಿಮಿಷಕ್ಕೆ 60 ಪೆಟ್ಟು ಸಾಕು. ಆಮೇಲೆ ನಡಿಗೆ. ಆಮೇಲೆ ಮಾತಾಡಿಕೊಂಡು ಓಡುವಷ್ಟು ನಿಧಾನದ ಓಟ. ವೇಗದ ಓಟದ ದಿನ ಇದನ್ನು ಕಲಿಯಲು ಹೋಗಬೇಡಿ.

ಶಬ್ದ ಇಡೀ ಓಟಕ್ಕೆ ಬೇಕಿಲ್ಲ. ಕಲಿಕೆಯ ಬಗ್ಗೆ ಹಳೇ ಒಂದು ತಿಳಿವಳಿಕೆ ಇದೆ: ಪ್ರತಿ ಸಲವೂ ಹೊರಗಿನಿಂದ ಸೂಚನೆ ಸಿಕ್ಕರೆ ಆಗ ಚೆನ್ನಾಗಿ ಮಾಡುತ್ತೇವೆ, ಸೂಚನೆ ತೆಗೆದ ಮೇಲೆ ತಡವರಿಸುತ್ತೇವೆ. ಅದಕ್ಕೆ ಎರಡು ನಿಮಿಷ ಶಬ್ದ, ಮೂರು ನಿಮಿಷ ಮೌನ ಹೀಗೆ ಮಾಡಿ. ಮೌನದಲ್ಲಿ ಬಾಯಿತಾಳ ಮನಸ್ಸಿನಲ್ಲೇ ನಡೆಯಲಿ. ಮತ್ತೆ ಶಬ್ದ ಬಂದಾಗ ಅದಕ್ಕೂ ನಿಮಗೂ ಎಷ್ಟು ವ್ಯತ್ಯಾಸ ಬಂದಿದೆ ನೋಡಿ. ವಾರ ಕಳೆದಂತೆ ಮೌನ ಉದ್ದವಾಗಲಿ.

ಸೇನಾ ಭರ್ತಿಯ 1.6 ಕಿಲೋಮೀಟರ್ ಓಟಕ್ಕೆ ತಯಾರಾಗುವವರು ಇದನ್ನು ಮರೆಯಬಾರದು. ಅಲ್ಲಿ ಕಿವಿಗೆ ಏನನ್ನೂ ಹಾಕಿಕೊಂಡು ಓಡಲು ಬಿಡುವುದಿಲ್ಲ. ಅಥ್ಲೆಟಿಕ್ಸ್ ಸ್ಪರ್ಧೆಯ ನಿಯಮದಲ್ಲೂ ಟ್ರ್ಯಾಕಿನೊಳಗೆ ಮೊಬೈಲ್, ರೇಡಿಯೋ ಬಳಸಿದರೆ ಅದು ಹೊರಗಿನ ಸಹಾಯ ಎಂದೇ ಲೆಕ್ಕ. ಆ ದೂರಕ್ಕೆ ಎರಡು-ಎರಡರಲ್ಲಿ ಶುರು ಮಾಡಿ, ಕೊನೆಯ ಸುತ್ತಿಗೆ ಎರಡು-ಒಂದಕ್ಕೆ ಹೋಗುವುದನ್ನು ಅಭ್ಯಾಸದಲ್ಲೇ ರೂಢಿ ಮಾಡಿಕೊಳ್ಳಬೇಕು. ಕೊನೆಯ ನೂರು ಮೀಟರಿನಲ್ಲಿ ಎಣಿಕೆ ಬಿಟ್ಟುಬಿಡಿ, ಅಲ್ಲಿ ಉಸಿರು ಯಾರ ಮಾತೂ ಕೇಳುವುದಿಲ್ಲ.

ಕೆಲವರಿಗೆ ಲಯ ಹಿಡಿಯುವ ಉಮೇದಿನಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡಿ ತಲೆ ಹಗುರ ಆಗುತ್ತದೆ, ಬೆರಳ ತುದಿ, ತುಟಿಯ ಸುತ್ತ ಜುಮ್ಮೆನ್ನುತ್ತದೆ. ರಕ್ತದ ಇಂಗಾಲದ ಡೈಆಕ್ಸೈಡ್ ತೀರಾ ಇಳಿದಾಗ ಹೀಗಾಗುತ್ತದೆ. ಶಬ್ದ ನಿಲ್ಲಿಸಿ, ನಡೆಯಿರಿ, ಉಸಿರನ್ನು ಅದರಷ್ಟಕ್ಕೆ ಬಿಡಿ. ಎದೆ ಬಿಗಿತ, ಎದೆನೋವು ಬಂದರೆ ತಾಳದ ತಪ್ಪು ಹುಡುಕುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ. ಆಸ್ತಮಾ ಇರುವವರು ಶುರು ಮಾಡುವ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ, ಓಡುವಾಗ ಇನ್‌ಹೇಲರ್ ಜೇಬಿನಲ್ಲಿರಲಿ.